ಇನ್ನೂರು ಜನರ ಊರಿಗೆ ಬಸ್ಸು ಬೇಕಾದರೆ ಯಾವ ಲೆಕ್ಕ ತೋರಿಸಬೇಕು?

ಪ್ರಶ್ನೆ: ಸರ್, ನಮ್ಮದು ಶಿರಸಿ ತಾಲೂಕಿನ ಘಟ್ಟದಂಚಿನ ಸಣ್ಣ ಊರು. 2011ರ ಜನಗಣತಿಯಲ್ಲಿ 236 ಜನ, 51 ಮನೆ. ಈಗ ಹೆಚ್ಚೆಂದರೆ 170 ಜನ ಇದ್ದೇವೆ. ಮೊದಲು ರಾತ್ರಿ ಬಂದು ಉಳಿದು ಬೆಳಿಗ್ಗೆ ಹೊರಡುವ ವಸ್ತಿ ಬಸ್ಸಿತ್ತು. ಕೊರೊನಾ ಹೊತ್ತಿಗೆ ನಿಂತದ್ದು ಮತ್ತೆ ಬರಲಿಲ್ಲ. ಈಗ ಬಸ್ಸು ಹಿಡಿಯಲು 4 ಕಿ.ಮೀ. ನಡೆಯಬೇಕು. ಹಳ್ಳದಾಚೆಯ ಕೇರಿಯವರಿಗೆ ಇನ್ನೂ ದೂರ. ಮಳೆಗಾಲದಲ್ಲಿ ಅವರಿಗೆ ಅಡಿಕೆ ಮರ ಸೀಳಿದ ದಬ್ಬೆಯ ಸಂಕವೇ (ಕಾಲುಸೇತುವೆಯೇ) ಗತಿ. ಕೇಳಲು ಹೋದರೆ ‘ನಿಮ್ಮೂರಲ್ಲಿ ಜನಸಂಖ್ಯೆಯೇ ಇಲ್ಲ’ ಎನ್ನುತ್ತಾರೆ. ಗಣತಿಯ ಪುಸ್ತಕದಲ್ಲಿ ನೋಡಿದರೆ ನಮ್ಮೂರಿಗೆ ಬಸ್ಸು ‘ಇದೆ’! ಬಸ್ಸಿಗೆ, ರಸ್ತೆಗೆ ಇಂತಿಷ್ಟು ಜನ ಇರಬೇಕು ಎಂಬ ನಿಯಮ ಇದೆಯಾ? ನಾವು ಯಾರನ್ನು, ಏನೆಂದು ಕೇಳಬೇಕು?

ಉತ್ತರ: ಜನಸಂಖ್ಯೆಯ ಗೆರೆ ಇರುವುದು ರಸ್ತೆಗೆ. ಬಸ್ಸಿಗಲ್ಲ. ಕಚೇರಿಗಳಲ್ಲಿ ಇವೆರಡನ್ನೂ ಕಲಸಿ ಒಂದೇ ಉತ್ತರ ಕೊಡುತ್ತಾರೆ. ತಾಲೂಕು ಮಟ್ಟದ ಯೋಜನಾ ಕೆಲಸದಲ್ಲಿ ನಾನು ವರ್ಷಗಟ್ಟಲೆ ಇದ್ದೆ. ಮೇಜಿನ ಆಚೆ ಕೂತು ಇದೇ ಮಾತನ್ನು ನಾನೂ ಹೇಳಿ ಜನರನ್ನು ಸಾಗಹಾಕಿದ್ದುಂಟು. ಆಗ ಅದೇ ಸುಲಭ ಅನ್ನಿಸುತ್ತಿತ್ತು. ಹಾಗಾಗಿ ಈ ಉತ್ತರ ಸ್ವಲ್ಪ ಉದ್ದವಾದರೆ ಬೇಸರ ಮಾಡಿಕೊಳ್ಳಬೇಡಿ.

ಮೊದಲು ಆ ಪುಸ್ತಕದ ‘ಇದೆ’ ಎಂಬ ಮಾತು. ನೀವು ನೋಡಿದ್ದು ಜಿಲ್ಲಾ ಜನಗಣತಿ ಕೈಪಿಡಿ. ಅದರಲ್ಲಿ ಎರಡು ಭಾಗ. ಒಂದರಲ್ಲಿ ಊರೂರಿನ ಜನರ ಲೆಕ್ಕ: ಮನೆ, ಗಂಡು, ಹೆಣ್ಣು, ಆರು ವರ್ಷದವರೆಗಿನ ಮಕ್ಕಳು, ಓದು ಬಲ್ಲವರು, ದುಡಿಯುವವರು. ಇನ್ನೊಂದರಲ್ಲಿ ಊರಿನ ಸೌಲಭ್ಯಗಳ ಪಟ್ಟಿ: ಶಾಲೆ, ಆಸ್ಪತ್ರೆ, ಅಂಚೆ, ಬಸ್ಸು, ರೈಲು ಎಲ್ಲವೂ. ಊರಲ್ಲಿ ಸೌಲಭ್ಯ ಇಲ್ಲದಿದ್ದರೆ ಹತ್ತಿರದ್ದು ಎಷ್ಟು ದೂರ ಎಂಬುದಕ್ಕೆ ಒಂದು ಅಕ್ಷರ ಹಾಕಿರುತ್ತಾರೆ. 2011ರ ಪುಸ್ತಕದಲ್ಲಿ ‘ಎ’ ಎಂದರೆ 5 ಕಿ.ಮೀ. ಒಳಗೆ, ‘ಬಿ’ ಎಂದರೆ 5ರಿಂದ 10, ‘ಸಿ’ ಎಂದರೆ 10ಕ್ಕಿಂತ ಜಾಸ್ತಿ. ಅಷ್ಟೇ. ಆ 5 ಕಿ.ಮೀ. ಡಾಂಬರಾ, ಕಾಲುದಾರಿಯಾ, ನಡುವೆ ಹಳ್ಳ ಇದೆಯಾ ಎಂಬುದೆಲ್ಲ ಆ ಅಕ್ಷರದಿಂದ ತಿಳಿಯುವುದಿಲ್ಲ.

ಇನ್ನೂ ದೊಡ್ಡ ತೊಡಕು ‘ಊರು’ ಎಂಬ ಶಬ್ದದಲ್ಲೇ ಇದೆ. ಗಣತಿಯ ಊರು ಎಂದರೆ ಕಂದಾಯ ಗ್ರಾಮ. ಬಯಲುಸೀಮೆಯಲ್ಲಿ ಮನೆಗಳೆಲ್ಲ ಒಂದೇ ಕಡೆ ಒತ್ತಿಕೊಂಡಿರುತ್ತವೆ. ಅಲ್ಲಿ ಕಂದಾಯ ಗ್ರಾಮ ಮತ್ತು ಊರು ಹೆಚ್ಚುಕಮ್ಮಿ ಒಂದೇ. ನಮ್ಮಲ್ಲಿ ಹಾಗಲ್ಲ ಅಲ್ವಾ? ತೋಟ ಇರುವಲ್ಲಿ ಮನೆ. ಒಂದು ಕಂದಾಯ ಗ್ರಾಮದಲ್ಲಿ ನಾಲ್ಕು ಕೇರಿ, ನಡುವೆ ಬೆಟ್ಟ, ಗದ್ದೆ, ಹಳ್ಳ. ಕರಾವಳಿ ಕಡೆ ಇನ್ನೊಂದು ರೀತಿ. ಶರಾವತಿಯ ಮಾವಿನಕುರ್ವೆ, ಅಘನಾಶಿನಿಯ ಐಗಳಕುರ್ವೆಯಂಥ ಊರುಗಳ ಸುತ್ತ ಹೊಳೆಯೇ. ಪೇಟೆ ಕಣ್ಣಿಗೆ ಕಾಣುತ್ತದೆ, ಆದರೆ ದಾಟುವ ದಾರಿ ಬೇರೆ.

ಒಮ್ಮೆ ಸಿದ್ದಾಪುರ ಕಡೆಯ ಒಂದು ಗ್ರಾಮಕ್ಕೆ ಪರಿಶೀಲನೆಗೆ ಹೋಗಿದ್ದೆ. ಕಾಗದದಲ್ಲಿ ‘ಬಸ್ಸು: ಇದೆ’. ನಿಜಕ್ಕೂ ಬಸ್ಸಿತ್ತು. ಗ್ರಾಮದ ಒಂದು ತುದಿಯ ಅಶ್ವತ್ಥಕಟ್ಟೆಯವರೆಗೆ ಬಂದು ತಿರುಗಿ ಹೋಗುತ್ತಿತ್ತು. ಇನ್ನೊಂದು ತುದಿಯ ಕೇರಿಗೆ ನಾನು ನಡೆದು ಮುಟ್ಟಲು ಐವತ್ತು ನಿಮಿಷ ಬೇಕಾಯಿತು. ಕಾಲಿಗೆ ಏಳೆಂಟು ಉಂಬಳ (ಜಿಗಣೆ). ಅಲ್ಲಿ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದ ಅಜ್ಜಿ ನನ್ನ ಕಾಲಿಗೆ ಸುಣ್ಣ ತಂದುಕೊಟ್ಟು ಹೇಳಿದರು, ‘ಬಸ್ಸು ಊರಿಗೆ ಬತ್ತು ತಮಾ, ಯಂಗಳ ಕೇರಿಗೆ ಬತ್ತಿಲ್ಲೆ.’ ನನ್ನ ಇಡೀ ಟಿಪ್ಪಣಿ ಆ ಒಂದು ವಾಕ್ಯದಲ್ಲಿತ್ತು. ಆದರೆ ಅದನ್ನು ತುಂಬಲು ಆ ನಮೂನೆಯಲ್ಲಿ ಜಾಗವೇ ಇರಲಿಲ್ಲ.

ಹಾಗಾಗಿ ನಿಮಗೆ ನನ್ನ ಮೊದಲ ಸಲಹೆ: ‘ನಮ್ಮೂರಿನ ಜನಸಂಖ್ಯೆ’ ಎಂದು ಮಾತು ಶುರು ಮಾಡಬೇಡಿ. ಕೇರಿವಾರು ಲೆಕ್ಕ ಇಡಿ. ಯಾವ ಕೇರಿ, ಎಷ್ಟು ಮನೆ, ಎಷ್ಟು ಜನ, ಡಾಂಬರು ರಸ್ತೆಗೆ ನಡೆಯುವ ದಾರಿಯಲ್ಲಿ ಎಷ್ಟು ದೂರ, ಮಳೆಗಾಲದಲ್ಲಿ ಎಷ್ಟು ದೂರ. ಕೊನೆಯದನ್ನು ಬಿಡಲೇಬೇಡಿ. ಬೇಸಿಗೆಯ ಒಂದು ಕಿ.ಮೀ. ಜುಲೈನಲ್ಲಿ ಮೂರಾಗುವುದು ನಮ್ಮಲ್ಲಿ ಹೊಸದಲ್ಲ.

ಜನ ಕಡಿಮೆಯಾಗುತ್ತಿರುವುದು ನಿಮ್ಮೂರಿನ ಕತೆ ಮಾತ್ರ ಅಲ್ಲ. 2001ರಲ್ಲಿ ಉತ್ತರ ಕನ್ನಡದಲ್ಲಿ 13,53,644 ಜನ ಇದ್ದರು. 2011ರಲ್ಲಿ 14,37,169. ಹತ್ತು ವರ್ಷಕ್ಕೆ ಶೇ. 6ರಷ್ಟು ಏರಿಕೆ. ಅದೇ ಹೊತ್ತಿನಲ್ಲಿ ರಾಜ್ಯ ಶೇ. 15.6ರಷ್ಟು ಬೆಳೆದಿತ್ತು. ಜಿಲ್ಲೆಯ ವಿಸ್ತಾರ ಹತ್ತು ಸಾವಿರ ಚದರ ಕಿ.ಮೀ.ಗಿಂತ ಜಾಸ್ತಿ. ಚದರ ಕಿ.ಮೀ.ಗೆ 140 ಜನ ಬಿದ್ದರೆ ರಾಜ್ಯದ ಸರಾಸರಿ 319. ಜೋಯಿಡಾ ತಾಲೂಕಂತೂ ಜಿಲ್ಲೆಯಲ್ಲೇ ದೊಡ್ಡದು, ಜನ ಮಾತ್ರ ಐವತ್ತು ಸಾವಿರದ ಆಸುಪಾಸು. ಓದಲು ಹೋದ ಮಕ್ಕಳು ಹುಬ್ಬಳ್ಳಿ, ಬೆಂಗಳೂರಿನಲ್ಲೇ ಉಳಿದರು. ತೋಟ ನೋಡಿಕೊಳ್ಳುವ ಹುಡುಗನಿಗೆ ಹೆಣ್ಣು ಸಿಗುವುದಿಲ್ಲ ಎಂದು ಉಳಿದವರೂ ಹೊರಟರು. ಬಸ್ಸು ನಿಂತದ್ದರಿಂದ ಜನ ಹೋದರೋ, ಜನ ಹೋದದ್ದರಿಂದ ಬಸ್ಸು ನಿಂತಿತೋ ಎಂದು ನನ್ನನ್ನು ಕೇಳುವವರಿದ್ದಾರೆ. ನಾನು ನೋಡಿದ ಊರುಗಳಲ್ಲಿ ಮೊದಲು ಹೋದದ್ದು ಜನ. ಆದರೆ ಬಸ್ಸು ನಿಂತ ಮೇಲೆ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದ ಮನೆಗಳು ಒಂದೆರಡು ವರ್ಷದಲ್ಲೇ ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದವು.

ನಿಮ್ಮ 236 ಮತ್ತು 170, ಎರಡೂ ಸರಿಯಾಗಿರಬಹುದು. ಜನ ಸಾಮಾನ್ಯವಾಗಿ ಎಲ್ಲಿ ವಾಸ ಇರುತ್ತಾರೋ ಗಣತಿಯವರು ಅವರನ್ನು ಅಲ್ಲೇ ಎಣಿಸುತ್ತಾರೆ. ಬೆಂಗಳೂರಲ್ಲಿರುವ ಮಗನ ಹೆಸರು ನಿಮ್ಮ ರೇಷನ್ ಕಾರ್ಡಿನಲ್ಲಿ ಇರಬಹುದು, ಮತದಾರರ ಪಟ್ಟಿಯಲ್ಲೂ ಇರಬಹುದು, ಗಣತಿಗೆ ಮಾತ್ರ ಅವನು ಬೆಂಗಳೂರಿನವನು. ಹಾಗಾಗಿ ಒಂದೇ ಮನವಿಯಲ್ಲಿ ಮೂರು ಪಟ್ಟಿಯ ಮೂರು ಅಂಕಿ ಬೆರೆಸಬೇಡಿ. ಮೇಜಿನಾಚೆಯವರಿಗೆ ಫೈಲು ವಾಪಸು ಕಳಿಸಲು ಅಷ್ಟು ಸಾಕು.

ಈಗ ರಸ್ತೆಯ ನಿಯಮ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದ ಡಿಸೆಂಬರ್ 25ರಂದು ಶುರುವಾಯಿತು. ಬಯಲು ಪ್ರದೇಶದಲ್ಲಿ 500 ಜನ, ಗುಡ್ಡಗಾಡು ರಾಜ್ಯ, ಮರುಭೂಮಿ, ಬುಡಕಟ್ಟು ಪ್ರದೇಶಗಳಲ್ಲಿ 250 ಜನ ಇರುವ, ಸರ್ವಋತು ರಸ್ತೆ ಇಲ್ಲದ ಜನವಸತಿಗೆ ರಸ್ತೆ ಎಂಬುದು ಅದರ ಮೂಲ ಗೆರೆ. 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಸಿಕ್ಕ ನಾಲ್ಕನೇ ಹಂತದಲ್ಲೂ ಗೆರೆ ಹೆಚ್ಚುಕಮ್ಮಿ ಹಾಗೇ ಇದೆ. ದೇಶದಲ್ಲಿ 25,000 ಜನವಸತಿಗಳಿಗೆ 62,500 ಕಿ.ಮೀ. ರಸ್ತೆ ಅದರ ಗುರಿ. ಜನಸಂಖ್ಯೆಗೆ 2011ರ ಗಣತಿಯೇ ಆಧಾರ.

ಇದರಲ್ಲಿ ನಮಗೆ ಕಹಿ ವಿಷಯ ಒಂದಿದೆ. ‘ಗುಡ್ಡಗಾಡು’ ಎಂಬ ರಿಯಾಯಿತಿ ರಾಜ್ಯದ ಹೆಸರು ನೋಡಿ ಸಿಗುತ್ತದೆ, ನೆಲ ನೋಡಿ ಅಲ್ಲ. ಹಿಮಾಚಲಕ್ಕೆ ಉಂಟು. ದೇವಿಮನೆ ಘಟ್ಟ, ಅಣಶಿ ಘಟ್ಟ ಹತ್ತಿಳಿಯುವ ನಮಗಿಲ್ಲ. ಕರ್ನಾಟಕ ಲೆಕ್ಕಕ್ಕೆ ಬಯಲು, ಹಾಗಾಗಿ 500. ಇದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ನಮ್ಮ ರಾಜ್ಯವೇ ಬೇರೆ ಕಡೆ ಬೇರೆ ಅಳತೆ ಇಟ್ಟುಕೊಂಡದ್ದಿದೆ. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಸಾಮಾನ್ಯವಾಗಿ 5,000ದಿಂದ 7,000 ಜನರಿಗೆ ಒಂದು ಗ್ರಾಮ ಪಂಚಾಯಿತಿ ಎಂದರೆ, ಉತ್ತರ ಕನ್ನಡವೂ ಸೇರಿ ಮಲೆನಾಡಿನ ಜಿಲ್ಲೆಗಳಿಗೆ 2,500 ಜನ ಇದ್ದರೂ ಸಾಕು ಎಂದಿಟ್ಟರು. ಮನೆಗಳು ಚದುರಿರುವಲ್ಲಿ ತಲೆ ಎಣಿಸಿದರೆ ಸಾಲದು ಎಂದು ಆಗಲೇ ಒಪ್ಪಿದ ಹಾಗೆ. ಜನಪ್ರತಿನಿಧಿಗಳ ಹತ್ತಿರ ಮಾತಾಡುವಾಗ ಈ ಮಾತು ತೆಗೆಯಿರಿ.

ನಿಮ್ಮ ಮುಖ್ಯ ಕೇರಿಗೆ ಬಸ್ಸು ಬರುತ್ತಿತ್ತು ಎಂದ ಮೇಲೆ ರಸ್ತೆ ಇದೆ. ಸಂಪರ್ಕ ಇಲ್ಲದ್ದು ಹಳ್ಳದಾಚೆಯ ಕೇರಿಗೆ. ಅಲ್ಲಿ ಐನೂರು ಜನ ಎಲ್ಲಿಂದ ತರುವುದು? 500 ಮೀಟರ್ ಆಸುಪಾಸಿನ ಜನವಸತಿಗಳನ್ನು ಕೂಡಿಸಿ ಎಣಿಸಲು ಸಡಕ್ ಯೋಜನೆಯಲ್ಲಿ ಅವಕಾಶ ಇದೆ. ಪಕ್ಕದ ಗ್ರಾಮದ ಕೇರಿ ಹತ್ತಿರ ಇದ್ದರೆ ನೋಡಿ. ಇಲ್ಲದಿದ್ದರೆ ಆ ಯೋಜನೆಯ ಹಿಂದೆ ಸುಮ್ನೆ ಓಡಾಡಬೇಡಿ. ಅವರಿಗೆ ಮೊದಲು ಬೇಕಾದದ್ದು ಕಾಲುಸಂಕ. ಅದಕ್ಕೆ ಜನಸಂಖ್ಯೆಯ ಆ ಗೆರೆ ಅಡ್ಡ ಬರುವುದಿಲ್ಲ. ಶಿವಮೊಗ್ಗದಲ್ಲಿ ಕಚೇರಿ ಇರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ ಕಾಲುಸಂಕಗಳನ್ನು ಮಾಡಿಸುತ್ತದೆ. ಮಕ್ಕಳು ಹಳ್ಳ ದಾಟಿ ಶಾಲೆಗೆ ಹೋಗುವಲ್ಲಿ ಕಿರುಸೇತುವೆ ಕಟ್ಟಲೆಂದೇ ಲೋಕೋಪಯೋಗಿ ಇಲಾಖೆಯಲ್ಲಿ ‘ಶಾಲಾ ಸಂಪರ್ಕ ಸೇತು’ ಎಂಬ ಯೋಜನೆ ಬಂದಿತ್ತು. ಅರ್ಜಿಯ ಜೊತೆ ಜುಲೈ ತಿಂಗಳ ಒಂದು ಫೋಟೊ ಇರಲಿ. ಪಾಟಿಚೀಲ ಹೊತ್ತ ಮಗು ದಬ್ಬೆಯ ಮೇಲೆ ನಿಂತಿರುವ ಫೋಟೊ ತೆಗೆಯಲು ಹೋಗಿ ಮಗುವನ್ನು ಅಪಾಯಕ್ಕೆ ದೂಡಬೇಡಿ ಮತ್ತೆ. ಕೆಂಪು ನೀರು, ಮುಳುಗಿದ ದಬ್ಬೆ, ಪಕ್ಕದಲ್ಲಿ ಅಳತೆಯ ಕೋಲು. ಇಷ್ಟು ಸಾಕು.

ಜಾಗ ಅರಣ್ಯದ್ದು ಎಂಬ ತಕರಾರು ಖಂಡಿತ ಬರುತ್ತದೆ. ಜಿಲ್ಲೆಯ ಮುಕ್ಕಾಲಿಗಿಂತ ಹೆಚ್ಚು ಪಾಲು ಕಾಡು. ನಾವು ತಲೆತಲಾಂತರದಿಂದ ಸೊಪ್ಪು ತರುವ ಸೊಪ್ಪಿನ ಬೆಟ್ಟವೂ ದಾಖಲೆಯಲ್ಲಿ ಅರಣ್ಯವೇ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2) ಓದಿ. ರಸ್ತೆ, ಶಾಲೆ, ಅಂಗನವಾಡಿ, ಕುಡಿಯುವ ನೀರು ಸೇರಿ 13 ಬಗೆಯ ಊರಿನ ಕೆಲಸಗಳಿಗೆ ಒಂದೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿ ಬಳಸಲು ಅಲ್ಲಿ ಅವಕಾಶವಿದೆ. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ. ಗ್ರಾಮಸಭೆಯ ಶಿಫಾರಸು ಬೇಕು. ಲೆಕ್ಕ ಹಾಕಿ ನೋಡಿ: ನಾಲ್ಕು ಮೀಟರ್ ಅಗಲದ ದಾರಿ ಎರಡು ಕಿ.ಮೀ. ಹೋದರೂ 0.8 ಹೆಕ್ಟೇರ್. ನಿಮ್ಮ ಕೇರಿಯ ದಾರಿ ಅಷ್ಟರೊಳಗೆ ಮುಗಿಯಬಹುದು. ದಾರಿ ಸುತ್ತು ಹೊಡೆದರೂ ಚಿಂತೆಯಿಲ್ಲ, ಮರ ಉಳಿಸಿಕೊಂಡು ಗುರುತು ಹಾಕಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗಿನವರಿಗೆ ಮಾತ್ರ ಇದು ಇಷ್ಟು ಸಲೀಸಲ್ಲ.

ಮತ್ತೊಂದು ಮಾತು. ಘಟ್ಟದಂಚಿನಲ್ಲಿ ಜೆಸಿಬಿ ತಂದು ಧರೆ ಕಡಿದು ರಸ್ತೆ ಅಗಲ ಮಾಡುವ ಆಸೆ ಬೇಡ. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದು ಏನಾಯಿತು, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಹೇಗೆ ಬಂತು, ಎಲ್ಲ ನಮ್ಮ ಕಣ್ಣೆದುರಿಗೇ ಇದೆ.

ಇನ್ನು ಬಸ್ಸು. ನಿಮ್ಮ ಅಸಲು ಪ್ರಶ್ನೆ ಇದೇ.

ಡಿಪೋದವರು ಊರಿನ ಜನಸಂಖ್ಯೆ ನೋಡಿ ಬಸ್ಸು ಬಿಡುವುದಿಲ್ಲ. ಅವರ ಕಣ್ಣಿಗೆ ಕಾಣುವುದು ಶೆಡ್ಯೂಲ್. ಒಂದು ಬಸ್ಸು, ಒಬ್ಬ ಡ್ರೈವರ್, ಒಬ್ಬ ಕಂಡಕ್ಟರ್ ದಿನಕ್ಕೆ ಇಷ್ಟು ತಾಸು, ಇಷ್ಟು ಕಿ.ಮೀ. ಓಡಬೇಕು. ನಿಮ್ಮೂರಿನ ಟ್ರಿಪ್ ಆ ದಿನದ ಒಂದು ತುಂಡು. ಬೆಳಿಗ್ಗೆ ಪೇಟೆಯಿಂದ ನಿಮ್ಮೂರಿಗೆ ಬರುವಾಗ ಬಸ್ಸು ಖಾಲಿ. ಹೋಗುವಾಗ ತುಂಬಿದರೂ ಎರಡೂ ಓಟ ಸೇರಿಸಿ ಕಿ.ಮೀ.ಗೆ ಎಷ್ಟು ದುಡಿಯಿತು ಎಂದು ಹಂಚಿದಾಗ ಅಂಕಿ ಅರ್ಧಕ್ಕೆ ಇಳಿಯುತ್ತದೆ. ಎಲ್ಲಿಯೋ ಡ್ರೈವರ್ ಕೊರತೆ ಬಂತು, ಬಸ್ಸು ಕೆಟ್ಟಿತು ಎಂದರೆ ಮೊದಲು ಕತ್ತರಿ ಬೀಳುವುದು ಇಂಥ ಟ್ರಿಪ್ಪಿಗೆ.

ವಸ್ತಿ ಬಸ್ಸಿನ ಜಾಣತನ ಇಲ್ಲೇ ಇತ್ತು. ಸಂಜೆ ಮನೆಗೆ ಮರಳುವವರನ್ನು ತುಂಬಿಕೊಂಡು ಬರುತ್ತಿತ್ತು, ಬೆಳಿಗ್ಗೆ ಪೇಟೆಗೆ ಹೊರಟವರನ್ನು ತುಂಬಿಕೊಂಡು ಹೋಗುತ್ತಿತ್ತು. ಖಾಲಿ ಓಟ ಇಲ್ಲ. ಹಾಗಾದರೆ ಯಾಕೆ ನಿಲ್ಲುತ್ತವೆ? ಎಷ್ಟೋ ಕಡೆ ಕಾರಣ ಗಳಿಕೆಯೇ ಅಲ್ಲ. ನಾನು ಒಂದು ಊರಲ್ಲಿ ಕಂಡದ್ದು ಹೇಳುತ್ತೇನೆ. ರಾತ್ರಿ ಎಂಟೂವರೆಗೆ ಬಸ್ಸು ಬಂದು ನಿಂತಿತು. ಸಿಬ್ಬಂದಿಗೆಂದು ಕಟ್ಟಿದ ಕೋಣೆಯಲ್ಲಿ ಯಾರದೋ ಗೊಬ್ಬರದ ಚೀಲ. ಬೀಗದ ಕೈ ಯಾರ ಹತ್ತಿರ ಇದೆ ಎಂಬುದು ಯಾರಿಗೂ ಗೊತ್ತಿಲ್ಲ. ಕಂಡಕ್ಟರ್ ಹಿಂದಿನ ಉದ್ದ ಸೀಟಿನಲ್ಲಿ, ಡ್ರೈವರ್ ಬಾನೆಟ್ ಪಕ್ಕದಲ್ಲಿ ಚಾದರ ಹೊದ್ದು ಮಲಗಿದರು. ರಾತ್ರಿಯಿಡೀ ಸೊಳ್ಳೆ. ಬೆಳಿಗ್ಗೆ ಶೌಚಕ್ಕೆ ಬೆಟ್ಟಕ್ಕೆ ಹೋಗಬೇಕು. ಮುಂದಿನ ವರ್ಷ ಆ ರೂಟಿಗೆ ಹೋಗಲು ಡ್ರೈವರುಗಳು ಒಪ್ಪಲಿಲ್ಲ. ಬಸ್ಸು ನಿಂತಿತು. ಊರವರು ‘ಲಾಸ್ ಅಂತೆ’ ಎಂದುಕೊಂಡರು.

ಹಾಗಾಗಿ ನಿಮ್ಮ ಮನವಿಯ ಮೊದಲ ಸಾಲಿನಲ್ಲೇ ಬರೆಯಿರಿ: ಸಿಬ್ಬಂದಿಗೆ ಕೋಣೆ, ನೀರು, ಶೌಚಾಲಯ, ಕರೆಂಟು, ಫ್ಯಾನು ಇದೆ, ಬೀಗದ ಕೈ ಇಂಥವರ ಮನೆಯಲ್ಲಿದೆ. ಬಸ್ಸು ತಿರುಗಿಸಲು ಜಾಗ ಇದೆ. ದಾರಿಗೆ ಬಾಗಿದ ಟೊಂಗೆ ಕಡಿಸಲು ಅರಣ್ಯದವರಿಗೆ ಪತ್ರ ಕೊಟ್ಟಾಗಿದೆ. ಇವನ್ನು ಪಂಚಾಯಿತಿಯಿಂದ ಮಾಡಿಸಿಟ್ಟು ಆಮೇಲೆ ಡಿಪೋ ಮೆಟ್ಟಿಲು ಹತ್ತಿ.

ಎರಡನೆಯದು, ಬಸ್ಸನ್ನು ಊರಿಗೆ ಕೇಳಬೇಡಿ. ದಾರಿಗೆ ಕೇಳಿ. ನಿಮ್ಮ 170 ಜನ ಒಂದು ಬಸ್ಸಿಗೆ ಸಾಲದು, ನಿಜ. ಆದರೆ ಆ 4 ಕಿ.ಮೀ. ಉದ್ದಕ್ಕೂ ಅಕ್ಕಪಕ್ಕ ಎಷ್ಟು ಕೇರಿಗಳಿವೆ? ಒಂದು ವಾರ ಇಬ್ಬರು ಹುಡುಗರನ್ನು ಕೂರಿಸಿ ಎಣಿಸಿ. ಸಂತೆಯ ದಿನ ಬೇರೆ, ಉಳಿದ ದಿನ ಬೇರೆ. ಎಷ್ಟು ಗಂಟೆಗೆ, ಎಲ್ಲಿಂದ, ಎಲ್ಲಿಗೆ, ಯಾವ ಕೆಲಸಕ್ಕೆ. ಬೈಕಿನ ಹಿಂದೆ ಕೂತು ಹೋದವರನ್ನೂ, ಆಟೊದಲ್ಲಿ ಹೋದವರನ್ನೂ ಬರೆಯಿರಿ. ಅವರೂ ಬಸ್ಸಿಲ್ಲ ಎಂದೇ ಹಾಗೆ ಹೋದವರು. ಹೈಸ್ಕೂಲು, ಕಾಲೇಜಿನ ಮುಖ್ಯಸ್ಥರಿಂದ ಮಕ್ಕಳ ಪಟ್ಟಿ ತನ್ನಿ: ತರಗತಿ, ಇಳಿಯುವ ಸ್ಟಾಪು, ಶಾಲೆಯ ವೇಳೆ. ಹೀಗೆ ಲೆಕ್ಕ ಮಾಡಿದ ಒಂದು ಹಾಳೆ ನೂರು ಸಹಿಗಿಂತ ಜಾಸ್ತಿ ಕೆಲಸ ಮಾಡಿದ್ದನ್ನು ನೋಡಿದ್ದೇನೆ. ಸಹಿ ಇದ್ದರೆ ಬೇಡ ಅನ್ನುವುದಿಲ್ಲ, ಸೇವಾ ಸಹಕಾರಿ ಸಂಘದ ಠರಾವೂ (ನಿರ್ಣಯವೂ) ಇರಲಿ.

ಮೂರನೆಯದು ವೇಳೆ. ಬೆಳಿಗ್ಗೆ ಹತ್ತಕ್ಕೆ ಬಸ್ಸು ಬಿಟ್ಟು ಆಮೇಲೆ ‘ಜನ ಬರುವುದಿಲ್ಲ’ ಎಂದರೆ ಆಗುವುದಿಲ್ಲ. ನಿಮಗೆ ಎಷ್ಟು ಗಂಟೆಗೆ ಬೇಕು ಎಂಬುದನ್ನು ಎಲ್ಲ ಕೇರಿಯವರೂ ಒಮ್ಮತದಿಂದ ಹೇಳಿ. ಒಬ್ಬರು ಏಳಕ್ಕೆ, ಇನ್ನೊಬ್ಬರು ಒಂಬತ್ತಕ್ಕೆ ಎಂದು ಡಿಪೋ ಮುಂದೆ ಜಗಳ ಆಡಿದರೆ ಅಲ್ಲಿಗೆ ಮುಗಿಯಿತು.

ಬಸ್ಸು ಬಂದ ಮೇಲಿನ ಒಂದು ಕಿವಿಮಾತನ್ನೂ ಈಗಲೇ ಹೇಳಿಬಿಡುತ್ತೇನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸು ಉಚಿತ. ಕಂಡಕ್ಟರ್ ಶೂನ್ಯ ಟಿಕೆಟ್ ಕೊಡುತ್ತಾರೆ. ಆ ಟಿಕೆಟ್ಟಿನ ಲೆಕ್ಕದ ಮೇಲೆ ಸರ್ಕಾರವು ಸಾರಿಗೆ ಸಂಸ್ಥೆಗೆ ಹಣ ತುಂಬಿಕೊಡಬೇಕು. ನಮ್ಮ ಕಡೆ ಸಲುಗೆ ಜಾಸ್ತಿ. ‘ಎರಡೇ ಸ್ಟೇಜು, ಟಿಕೆಟ್ ಯಾಕೆ ಅಕ್ಕ’ ಎಂದು ಕಂಡಕ್ಟರ್ ನಗುತ್ತಾ ಮುಂದೆ ಹೋಗುತ್ತಾನೆ. ಅಕ್ಕನೂ ನಗುತ್ತಾಳೆ. ಆದರೆ ಮೆಷಿನ್ನಿನ ಲೆಕ್ಕದಲ್ಲಿ ಆ ದಿನ ಅಕ್ಕ ಬಸ್ಸಿನಲ್ಲಿ ಇರಲೇ ಇಲ್ಲ. ಒಂದು ವರ್ಷ ಬಿಟ್ಟು ಟ್ರಿಪ್ಪಿನ ಲೆಕ್ಕ ತೆಗೆದಾಗ ಹತ್ತು ಜನ ಹತ್ತುತ್ತಿದ್ದ ಸ್ಟಾಪಿನಲ್ಲಿ ಮೂರು ಜನ ಕಾಣುತ್ತಾರೆ. ಒಂದೇ ಸ್ಟೇಜಾದರೂ ಟಿಕೆಟ್ ಕೇಳಿ ಪಡೆಯಿರಿ.

ಮನವಿ ಮೊದಲು ಡಿಪೋ ಮ್ಯಾನೇಜರಿಗೆ, ಅದರ ನಕಲು ಸಾರಿಗೆ ಸಂಸ್ಥೆಯ ವಿಭಾಗೀಯ ನಿಯಂತ್ರಣಾಧಿಕಾರಿಗೆ, ತಹಶೀಲ್ದಾರರಿಗೆ, ಕ್ಷೇತ್ರ ಶಿಕ್ಷಣಾಧಿಕಾರಿಗೆ. ಸ್ವೀಕೃತಿ ಸಹಿ ಬಿಡಬೇಡಿ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು, ಅಲ್ಲಿ ಠರಾವು ಮಾಡಿಸಿ.

ಶಿಕ್ಷಣಾಧಿಕಾರಿ ಯಾಕೆ ಎಂದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳಲ್ಲಿ ಐದನೇ ತರಗತಿವರೆಗಿನ ಶಾಲೆ 1 ಕಿ.ಮೀ., ಎಂಟರವರೆಗಿನದು 3 ಕಿ.ಮೀ. ಒಳಗೆ ಇರಬೇಕು ಎಂಬ ಅಳತೆ ಇದೆ. ಸಣ್ಣ ಕೇರಿಗೆ ಶಾಲೆ ಕೊಡಲಾಗದಿದ್ದರೆ ಮಕ್ಕಳ ಓಡಾಟದ ವ್ಯವಸ್ಥೆ ಸರ್ಕಾರದ ಹೊಣೆ. ಊರಿನ ಶಾಲೆ ಮುಚ್ಚಿದ್ದರೆ ಈ ದಾರಿ ಗಟ್ಟಿ.

ಟೆಂಪೊ ಇಡಬಹುದಲ್ಲ ಎಂದು ಕೆಲವರು ಹೇಳಬಹುದು. ಕುಮಟಾ, ಹೊನ್ನಾವರ, ಭಟ್ಕಳದ ಹೆದ್ದಾರಿಯಲ್ಲಿ ಟೆಂಪೊ ಸಲೀಸು, ಅಲ್ಲಿ ಹತ್ತು ಹೆಜ್ಜೆಗೊಬ್ಬರು ಕೈ ಮಾಡುತ್ತಾರೆ. ಘಟ್ಟದ ಮೇಲೆ ತುಂಬುವವರೆಗೆ ಕಾದು ಹೊರಡುವ ಗಾಡಿಯನ್ನು ನಂಬಿ ಪರೀಕ್ಷೆಗೆ ಹೋಗಲಾಗುವುದಿಲ್ಲ. ಬಸ್ಸು ಬರುವ ತನಕ ನಾಲ್ಕು ಮನೆ ಸೇರಿ ಒಂದು ಆಟೊ ಗೊತ್ತು ಮಾಡಿಕೊಳ್ಳಿ, ಆದರೆ ಮನವಿಯಲ್ಲಿ ಅದನ್ನು ‘ವ್ಯವಸ್ಥೆ’ ಎಂದು ಬರೆಯಬೇಡಿ.

ಕೊನೆಗೆ ಗಣತಿ. 2021ರದ್ದು ನಡೆಯಲಿಲ್ಲ. ಹೊಸ ಗಣತಿಗೆ 2027ರ ಮಾರ್ಚ್ 1 ಆಧಾರ ದಿನ. ಮನೆಪಟ್ಟಿ 2026ರಲ್ಲಿ, ಜನರ ಎಣಿಕೆ 2027ರ ಫೆಬ್ರವರಿಯಲ್ಲಿ. ಎಣಿಸಲು ಬರುವವರು ಹೆಚ್ಚಾಗಿ ಶಾಲೆಯ ಮಾಸ್ತರು, ಅಕ್ಕೋರು. ದೂರದ ತಾಲೂಕಿನಿಂದ ಬಂದವರಿಗೆ ಹಳ್ಳದಾಚೆ ಎಂಟು ಮನೆ ಇದೆ ಎಂಬುದೇ ಗೊತ್ತಿರುವುದಿಲ್ಲ. ಜೊತೆಗೆ ಒಬ್ಬರು ಹೋಗಿ ಆ ಮನೆಗಳನ್ನು ತೋರಿಸಿ. ಮುಂದಿನ ಹತ್ತು ವರ್ಷದ ರಸ್ತೆಗಳಿಗೆ ಈಗಿನ 236 ಹೋಗಿ ಆ ಹೊಸ ಅಂಕಿಯೇ ಆಧಾರವಾದೀತು.

ನೀವು ಒಂದು ವಿಷಯ ಬರೆದಿಲ್ಲ. ದಬ್ಬೆಯ ಸಂಕದ ಉದ್ದ ಎಷ್ಟು, ದೊಡ್ಡ ಮಳೆಗೆ ನೀರು ಅದರಿಂದ ಎಷ್ಟು ಮೇಲೆ ಏರುತ್ತದೆ? ಎಂಜಿನಿಯರ್ ಮೊದಲು ಕೇಳುವುದು ಅದನ್ನೇ. ಹಳ್ಳದ ದಂಡೆಯ ಮರಕ್ಕೆ ಕಳೆದ ಮಳೆಗಾಲದ ಕೆಸರಿನ ಗುರುತು ಇನ್ನೂ ಇರಬಹುದು. ಅದು ಅಳಿಸುವುದರೊಳಗೆ ಟೇಪು ಹಿಡಿದು ಅಳೆದು ಬರೆದಿಡಿ.